ಮೊಬೈಲ್ ಡೇಟಾ ಪದೇ ಪದೇ ಕಟ್ ಆಗುತ್ತಿದೆಯಾ? ಹೊಸ ಸಿಮ್ ತರುವ ಮುಂಚೆ ಇಷ್ಟು ನೋಡಿ

ಗಂಗಾವತಿ ಪೇಟೆಯಲ್ಲಿ ಚೆನ್ನಾಗಿ ಓಡುತ್ತಿದ್ದ ನೆಟ್, ಆನೆಗೊಂದಿ ದಾರಿಯಲ್ಲಿ ಬಂಡೆಗುಡ್ಡಗಳ ಮಧ್ಯೆ ಹೋದ ಕೂಡಲೇ ನಿಂತುಬಿಡುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನು ಅರ್ಧ ದಾರಿಯಲ್ಲಿ ಮ್ಯಾಪ್ ಲೋಡ್ ಮಾಡುವುದನ್ನೇ ಬಿಡುತ್ತದೆ. ಬಳ್ಳಾರಿಯಿಂದ ಆಂಧ್ರದ ಕಡೆ ಹೊರಟವರಿಗೆ ಗಡಿ ಹತ್ತಿರ ಬರುತ್ತಲೇ ವಾಟ್ಸಾಪ್ ಸುಮ್ಮನಾಗುತ್ತದೆ. ಮೂವರ ದೂರೂ ಒಂದೇ: "ನೆಟ್ ಬರವಲ್ದು." ಕಾರಣ ಮಾತ್ರ ಬೇರೆ ಬೇರೆ. ಒಬ್ಬರಿಗೆ ಜಾಗದ ತೊಂದರೆ, ಇನ್ನೊಬ್ಬರಿಗೆ ಫೋನು ಕಾದದ್ದು, ಮತ್ತೊಬ್ಬರಿಗೆ ಸೆಟ್ಟಿಂಗ್ಸ್ ಒಳಗಿನ ಒಂದೇ ಒಂದು ಬಟನ್.

ಕಾರಣ ಬೇರೆ ಇದ್ದರೂ ಎಲ್ಲರೂ ಹಿಡಿಯುವ ದಾರಿ ಒಂದೇ. ಮೊದಲು ರೀಸ್ಟಾರ್ಟ್, ಆಮೇಲೆ ಹೊಸ ಸಿಮ್, ಕೊನೆಗೆ ಹೊಸ ಫೋನು. ಇಷ್ಟೆಲ್ಲ ದುಡ್ಡು ಹಾಕಿದ ಮೇಲೂ ಅದೇ ಮನೆಯ ಅದೇ ಕೋಣೆಯಲ್ಲಿ ನೆಟ್ ಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಪಹಣಿ ನೋಡುವುದು, ಗ್ಯಾಸ್ ಬುಕ್ ಮಾಡುವುದು, ಅಂಗಡಿಯಲ್ಲಿ ದುಡ್ಡು ಕೊಡುವುದು, ಎಲ್ಲಕ್ಕೂ ಈಗ ಫೋನೇ ಬೇಕು. ಹಾಗಾಗಿ ದೋಷ ಜಾಗದಲ್ಲಿದೆಯೋ, ಸಿಮ್ ಮತ್ತು ಪ್ಲಾನ್‌ನಲ್ಲಿದೆಯೋ, ಫೋನಿನಲ್ಲಿದೆಯೋ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ರಿಪೇರಿ ಆಮೇಲೆ.

ನೆಟ್ ಹೋದ ಕ್ಷಣ ಪರದೆ ಏನು ತೋರಿಸುತ್ತದೆ?

ಡೇಟಾ ಹೋದ ತಕ್ಷಣ ಫೋನ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಸುಳಿವೂ ಹೋಗುತ್ತದೆ. ಮೇಲಿನ ಪಟ್ಟಿಯನ್ನು ಒಮ್ಮೆ ಸರಿಯಾಗಿ ನೋಡಿ.

ಸಿಗ್ನಲ್ ಕಡ್ಡಿಗಳೇ ಇಲ್ಲದೆ "ನೋ ಸರ್ವಿಸ್" ಅಥವಾ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ಇದ್ದರೆ ಫೋನಿಗೆ ಟವರೇ ಸಿಕ್ಕಿಲ್ಲ. ಕಡ್ಡಿಗಳು ಇವೆ, ಪಕ್ಕದಲ್ಲಿ 4ಜಿ ಅಥವಾ 5ಜಿ ಅನ್ನುವ ಗುರುತು ಇಲ್ಲ ಅಂದರೆ ಟವರ್ ಸಿಕ್ಕಿದೆ, ಡೇಟಾದ ಬಾಗಿಲು ತೆರೆದಿಲ್ಲ. ಆಗ ಅನುಮಾನ ರೋಮಿಂಗ್, ಎಪಿಎನ್ (ಫೋನನ್ನು ಕಂಪನಿಯ ಇಂಟರ್ನೆಟ್ಟಿಗೆ ಜೋಡಿಸುವ ಸೆಟ್ಟಿಂಗ್) ಅಥವಾ ಡೇಟಾ ಬಟನ್ ಮೇಲೆ ಹೋಗಬೇಕು. ಕಡ್ಡಿಯೂ ಇದೆ, 4ಜಿ ಗುರುತೂ ಇದೆ, ಆದರೂ ಏನೂ ತೆರೆಯುತ್ತಿಲ್ಲ ಅಂದರೆ ದಿನದ ಕೋಟಾ ಮುಗಿದಿರಬಹುದು, ಟವರಿನಲ್ಲಿ ಜನ ಜಾಸ್ತಿ ಆಗಿರಬಹುದು, ಇಲ್ಲವೇ ಫೋನಿನೊಳಗೆ ಯಾವುದೋ ಆ್ಯಪ್ ಅಡ್ಡ ನಿಂತಿರಬಹುದು. ಇಂಗ್ಲಿಷಿನ ಇ ಅಕ್ಷರ ಕಂಡರೆ ಫೋನು 2ಜಿಗೆ ಇಳಿದಿದೆ. ಅದರಲ್ಲಿ ಇವತ್ತಿನ ಆ್ಯಪ್‌ಗಳು ನಡೆಯುವುದಿಲ್ಲ.

ಇನ್ನೂ ಒಂದು ನೋಡಿ. ಪಟ್ಟಿಯಲ್ಲಿ ವೈಫೈ ಗುರುತು ಇದೆಯಾ? ಎಂದೋ ಜೋಡಿಸಿದ ಅಂಗಡಿಯ ವೈಫೈಗೋ, ಗೆಳೆಯನ ಹಾಟ್‌ಸ್ಪಾಟಿಗೋ ಫೋನು ತಾನೇ ಅಂಟಿಕೊಂಡಿರುತ್ತದೆ. ಅದರಲ್ಲಿ ನೆಟ್ ಇರುವುದಿಲ್ಲ. ವೈಫೈ ಆಫ್ ಮಾಡಿದರೆ ಅಲ್ಲಿಗೇ ಮುಗಿಯಿತು.

ವಾಟ್ಸಾಪ್ ಮಾತ್ರ ತಡವಾಗಿ ಬರುತ್ತದೆ, ಉಳಿದದ್ದೆಲ್ಲ ಸರಿ ಇದೆ ಅಂದರೆ ಡೇಟಾ ಹೋಗಿಲ್ಲ. ಬ್ಯಾಟರಿ ಸೇವರ್ ಅಥವಾ ಡೇಟಾ ಸೇವರ್ ಆ ಆ್ಯಪ್‌ನ ಹಿನ್ನೆಲೆ ಕೆಲಸವನ್ನು ತಡೆದಿದೆ. ಅಂಗಡಿಯವರಿಗೆ ಒಂದು ಮಾತು: ದುಡ್ಡು ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್ ಒಳಗೆ ಸಾಮಾನ್ಯವಾಗಿ ಅದರದೇ ಸಿಮ್ ಇರುತ್ತದೆ. ಅದು ಸುಮ್ಮನಾದರೆ ನಿಮ್ಮ ಫೋನನ್ನು ಬೈಯಬೇಡಿ.

ಸಿಮ್ ಅದಲು ಬದಲು ಪರೀಕ್ಷೆ

ಖರ್ಚಿಲ್ಲದ, ಆದರೆ ಬಹಳ ಸತ್ಯ ಹೇಳುವ ಪರೀಕ್ಷೆ ಇದು. ನಮ್ಮ ಕಾಕಾ ಒಂದು ಸಲ ಇದೇ ತೊಂದರೆ ಹಿಡಿದುಕೊಂಡು ಬಂದಿದ್ದರು. "ತಮ್ಮಾ, ಸಿಮ್ ಕೆಟ್ಟೈತಿ ಅನ್ನಾಕತ್ಯಾರ. ಹೊಸದು ತರ್ಲೇನು?" ಅಂದರು. "ತಡೀರಿ ಕಾಕಾ, ನಿಮ್ಮ ಸಿಮ್ ನನ್ನ ಫೋನಿಗೆ ಹಾಕಿ ನೋಡೂಣ್ರಿ" ಅಂದೆ. ಅವರ ಸಿಮ್ ನನ್ನ ಫೋನಿನಲ್ಲಿ ದಿನವಿಡೀ ಚೆನ್ನಾಗಿ ನಡೆಯಿತು. ನನ್ನ ಸಿಮ್ ಅವರ ಫೋನಿನಲ್ಲಿ ಮತ್ತೆ ಮತ್ತೆ ಕಟ್ ಆಯಿತು. ದೋಷ ಫೋನಿನದೇ ಅಂತ ಸ್ಪಷ್ಟವಾಯಿತು. ಅದು ಏನಾಗಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಪರೀಕ್ಷೆ ಮಾಡುವಾಗ ಎರಡೂ ಫೋನು ಒಂದೇ ಜಾಗದಲ್ಲಿರಲಿ. ಸಿಮ್ಮಿನ ಜೊತೆ ದೋಷವೂ ಹೋದರೆ ಸಿಮ್ ಅಥವಾ ಪ್ಲಾನ್ ನೋಡಬೇಕು. ದೋಷ ಹಳೆಯ ಫೋನಿನಲ್ಲೇ ಉಳಿದರೆ ಫೋನ್ ನೋಡಬೇಕು. ಎರಡೂ ಫೋನಿನಲ್ಲಿ ಕಟ್ ಆದರೆ ಜಾಗ ನೋಡಬೇಕು. ಆಗ ಬೇರೆ ಓಣಿಗೆ ಹೋಗಿ ಮತ್ತೊಮ್ಮೆ ನೋಡಿ. ಒಂದೇ ಸಲಕ್ಕೆ ಹತ್ತು ಸೆಟ್ಟಿಂಗ್ ಬದಲಿಸಬೇಡಿ. ಒಂದನ್ನು ಬದಲಿಸಿ, ಸ್ವಲ್ಪ ಹೊತ್ತು ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.

ಪ್ಲಾನ್‌ನ ಲೆಕ್ಕ

ನೆಟ್ ಸಂಜೆ ಹೋಗಿ ರಾತ್ರಿ 12 ಗಂಟೆ ಆದ ಮೇಲೆ ತಾನೇ ಬರುತ್ತದೆ ಅಂದರೆ ಹೆಚ್ಚು ಯೋಚಿಸಬೇಕಿಲ್ಲ. ದಿನಕ್ಕೆ 1.5 ಅಥವಾ 2 ಜಿಬಿ ಕೋಟಾ ಇರುವ ಪ್ಲಾನ್‌ಗಳಲ್ಲಿ ಅದು ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. 4ಜಿ ಗುರುತು ಹಾಗೇ ಇರುತ್ತದೆ, ವಿಡಿಯೋ ಮಾತ್ರ ತಿರುಗುತ್ತಲೇ ಇರುತ್ತದೆ.

5ಜಿ ಇರುವವರಿಗೆ ಇದರಲ್ಲೇ ಇನ್ನೊಂದು ಗೊಂದಲ ಇದೆ. ಅನ್‌ಲಿಮಿಟೆಡ್ 5ಜಿ ಅಂತ ಇರುವ ಪ್ಲಾನ್‌ಗಳಲ್ಲಿ 5ಜಿ ಬಳಕೆಗೆ ಕೋಟಾ ಲೆಕ್ಕ ಇಲ್ಲ, 4ಜಿ ಬಳಕೆಗೆ ಇದೆ. ಕೋಟಾ ಮುಗಿದ ಮೇಲೂ ಪೇಟೆಯಲ್ಲಿ 5ಜಿ ಸಿಗುವವರೆಗೆ ಎಲ್ಲ ಸರಿ. ಊರ ಹೊರಗೆ ಬಂದು 4ಜಿಗೆ ಇಳಿದ ಕೂಡಲೇ ಡೇಟಾ ಸತ್ತ ಹಾಗೆ ಅನ್ನಿಸುತ್ತದೆ. ಮತ್ತೆ ಪೇಟೆಗೆ ಬಂದರೆ ಸರಿಯಾಗುತ್ತದೆ. ಇದನ್ನು ಫೋನಿನ ದೋಷ ಅಂದುಕೊಂಡವರು ಬಹಳ ಜನ. ಕಂಪನಿಯ ಆ್ಯಪ್ ತೆರೆದು ಉಳಿದ ಡೇಟಾ ಎಷ್ಟು, ಪ್ಲಾನ್ ಯಾವತ್ತು ಮುಗಿಯುತ್ತದೆ ಅಂತ ನೋಡಿ. ಸೆಟ್ಟಿಂಗ್ಸ್‌ನ ಡೇಟಾ ಯೂಸೇಜ್ ಒಳಗೆ "ಡೇಟಾ ಲಿಮಿಟ್" ಆನ್ ಆಗಿದೆಯಾ ಅನ್ನುವುದನ್ನೂ ನೋಡಿ. ಅದು ಆನ್ ಇದ್ದರೆ, ಹಾಕಿದ ಮಿತಿ ಮುಟ್ಟುತ್ತಲೇ ಫೋನು ತಾನೇ ಡೇಟಾ ನಿಲ್ಲಿಸುತ್ತದೆ.

ಜಾಗದ ತೊಂದರೆ

ನಮ್ಮ ಕಡೆ ಇದೇ ದೊಡ್ಡದು. ಗಂಗಾವತಿ, ಆನೆಗೊಂದಿ, ಮುದಗಲ್, ಮಸ್ಕಿ ಸುತ್ತಮುತ್ತ ಗ್ರಾನೈಟ್ ಗುಡ್ಡಗಳಿವೆ. ಟವರಿಗೂ ನಿಮಗೂ ಮಧ್ಯೆ ಇಂಥದೊಂದು ಗುಡ್ಡ ಬಂದರೆ ಸಿಗ್ನಲ್ ಅದನ್ನು ತೂರಿ ಬರುವುದಿಲ್ಲ. ಅಂಚಿನಿಂದ ಬಾಗಿ ಬಂದಷ್ಟೇ ಬಂತು. ಹಳ್ಳಿಗಳ ದಪ್ಪ ಗೋಡೆಯ ಮಾಳಿಗೆ ಮನೆಗಳು ಬೇಸಿಗೆಯಲ್ಲಿ ತಂಪು, ಆದರೆ ಒಳಕೋಣೆಗೆ ಸಿಗ್ನಲ್ ಬಿಡುವುದಿಲ್ಲ. ರೈಸ್ ಮಿಲ್ಲಿನ ತಗಡಿನ ಶೆಡ್ಡೂ ಅಷ್ಟೇ. ಲೋಹ ಸಿಗ್ನಲ್ಲನ್ನು ಹಿಂದಕ್ಕೆ ತಳ್ಳುತ್ತದೆ. ಲೋಹದ ಬ್ಯಾಕ್ ಕವರ್ ಹಾಕಿದ್ದರೆ ಅದನ್ನೂ ಒಮ್ಮೆ ತೆಗೆದು ನೋಡಿ.

ಕಡ್ಡಿ ಎಣಿಸಿ ತೀರ್ಮಾನ ಮಾಡಬೇಡಿ. ಒಂದು ಫೋನಿನ ಮೂರು ಕಡ್ಡಿ ಇನ್ನೊಂದರಲ್ಲಿ ಎರಡಾಗಿರಬಹುದು. ಸಿಗ್ನಲ್ ಬಲದ ನಿಜವಾದ ಅಳತೆ ಡಿಬಿಎಂ ಅನ್ನುವ ಸಂಖ್ಯೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಸಿಗುತ್ತದೆ. ಕೆಲವು ಫೋನಿನಲ್ಲಿ *#*#4636#*#* ಒತ್ತಿದರೂ ಬರುತ್ತದೆ. ಸಂಖ್ಯೆಯ ಮುಂದೆ ಮೈನಸ್ ಇರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ -85 ಸುತ್ತಮುತ್ತ ಇದ್ದರೆ ಚೆನ್ನಾಗಿದೆ. -100 ದಾಟಿದರೆ ಸಾಧಾರಣ. -115 ದಾಟಿದರೆ ಕಟ್ ಆಗುವುದು ಸಹಜ. ಅಂಗಳದಲ್ಲಿ -95, ಒಳಕೋಣೆಯಲ್ಲಿ -118 ಬಂದರೆ ಸಿಮ್ಮೂ ಸರಿ ಇದೆ, ಫೋನೂ ಸರಿ ಇದೆ. ಗೋಡೆಯದೇ ತಕರಾರು.

ಅಂಥ ಮನೆಯಲ್ಲಿ ಏನು ಮಾಡಬಹುದು? ಒಂದು ಹಳೆಯ ಫೋನನ್ನು ಕಿಟಕಿಯ ಹತ್ತಿರ ಚಾರ್ಜಿಗೆ ಇಟ್ಟು ಹಾಟ್‌ಸ್ಪಾಟ್ ಮಾಡಿದರೆ ಒಳಗಿನವರಿಗೆ ವೈಫೈ ಸಿಗುತ್ತದೆ. ಸಿಗ್ನಲ್ ಬೂಸ್ಟರ್ ಅಂತ ಮಾರುವ ಪೆಟ್ಟಿಗೆಗಳನ್ನು ಮಾತ್ರ ತರಬೇಡಿ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅದರಿಂದ ಅಕ್ಕಪಕ್ಕದವರ ಸಿಗ್ನಲ್ಲೂ ಹಾಳಾಗುತ್ತದೆ.

ಎರಡು ಟವರುಗಳ ನಡುವಿನ ಊರಿನಲ್ಲಿ ಬೇರೆ ಥರ ಆಗುತ್ತದೆ. ಫೋನು 5ಜಿ ಹಿಡಿಯುತ್ತದೆ, ಬಿಡುತ್ತದೆ, 4ಜಿಗೆ ಬರುತ್ತದೆ, ಮತ್ತೆ 5ಜಿ ಹುಡುಕುತ್ತದೆ. ಪ್ರತಿ ಸಲವೂ ಡೇಟಾ ಸ್ವಲ್ಪ ನಿಲ್ಲುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. 5ಜಿಗೆ ಬಳಸುವ 3500 ಮೆಗಾಹರ್ಟ್ಸ್ ತರಂಗ ವೇಗ ಕೊಡುತ್ತದೆ, ದೂರ ಹೋಗುವುದಿಲ್ಲ. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 5ಜಿ ಬಿಟ್ಟು 4ಜಿ ಇರುವ ಆಯ್ಕೆ ಹಾಕಿ ಎರಡು ದಿನ ನೋಡಿ. ವೇಗ ಕಡಿಮೆ ಆದರೂ ಕಟ್ ಆಗದೆ ನಡೆದರೆ ಅದನ್ನೇ ಇಟ್ಟುಕೊಳ್ಳಿ. ಆನ್‌ಲೈನ್ ಕ್ಲಾಸಿಗೆ ಬೇಕಾದ್ದು ನಿಲ್ಲದೆ ಬರುವ ನೆಟ್, ಆಗೊಮ್ಮೆ ಈಗೊಮ್ಮೆ ಸಿಗುವ ವೇಗ ಅಲ್ಲ. ಯಾರೋ ಹೇಳಿದರು ಅಂತ 3ಜಿ ಮಾತ್ರ ಆಯ್ಕೆ ಮಾಡಬೇಡಿ. ಜಿಯೋಗೆ 3ಜಿ ಇಲ್ಲವೇ ಇಲ್ಲ, ಏರ್‌ಟೆಲ್ ತನ್ನ 3ಜಿ ನಿಲ್ಲಿಸಿ ವರ್ಷಗಳಾದವು.

ಬಿಎಸ್‌ಎನ್‌ಎಲ್ ಸಿಮ್ ಇರುವವರು ಒಂದು ವಿಷಯ ನೋಡಲೇಬೇಕು. ಅದರ ಸ್ವದೇಶಿ 4ಜಿ ಜಾಲಕ್ಕೆ 2025ರ ಸೆಪ್ಟೆಂಬರ್ 27ರಂದು ಅಧಿಕೃತ ಚಾಲನೆ ಸಿಕ್ಕಿತು. ಆ ಜಾಲ 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳನ್ನು ಬಳಸುತ್ತದೆ. 700 ಬಹಳ ದೂರ ಹೋಗುತ್ತದೆ, ಹಳ್ಳಿಗಳಿಗೆ ಅದೇ ಆಧಾರ. ಆದರೆ ಹಳೆಯ ಫೋನುಗಳಲ್ಲಿ ಈ 700ರ ತರಂಗ ಹಿಡಿಯುವ ಬ್ಯಾಂಡ್, ಅಂದರೆ ಬ್ಯಾಂಡ್ 28, ಇರದೇ ಇರಬಹುದು. ಪಕ್ಕದವರ ಹೊಸ ಫೋನಿನಲ್ಲಿ ಬರುವ ನೆಟ್ ನಿಮ್ಮದರಲ್ಲಿ ಬರದಿದ್ದರೆ ನಿಮ್ಮ ಮಾಡೆಲ್‌ಗೆ ಯಾವ ಬ್ಯಾಂಡ್‌ಗಳಿವೆ ಅಂತ ಕಂಪನಿಯ ಜಾಲತಾಣದಲ್ಲಿ ನೋಡಿ.

ಕರೆಂಟ್ ಹೋಗಿ ಒಂದೆರಡು ತಾಸಿನ ಮೇಲೆ ಇಡೀ ಊರಿಗೇ ನೆಟ್ ಹೋದರೆ ಟವರಿನ ಬ್ಯಾಟರಿ ಇಳಿದಿದೆ ಅಂತ ತಿಳಿಯಿರಿ. ನಿಮ್ಮ ಫೋನಿನಲ್ಲಿ ಹುಡುಕಲು ಏನೂ ಇಲ್ಲ. ಆ ಸಮಯವನ್ನು ಬರೆದಿಡಿ, ದೂರು ಕೊಡುವಾಗ ಬೇಕಾಗುತ್ತದೆ.

ಜಾತ್ರೆಯ ದಿನಗಳದು ಬೇರೆ ಕಥೆ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಆಗ ಕಡ್ಡಿ ತುಂಬ ಇರುತ್ತವೆ, ಒಂದು ಫೋಟೋ ಹೋಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರೂ ಕೊನೆಭಾಗದ ಹೊಲಕ್ಕೆ ತಲುಪದ ಹಾಗೆ, ಟವರಿನ ಡೇಟಾ ಮೊದಲೇ ಹಂಚಿಹೋಗಿರುತ್ತದೆ. ಅಂಥ ಕಡೆ ಮಕ್ಕಳು, ಹಿರಿಯರು ಜೊತೆಗಿದ್ದರೆ ವಾಟ್ಸಾಪ್ ನಂಬಬೇಡಿ. ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಗಡಿ ಊರಿನವರು ರೋಮಿಂಗ್ ಬಟನ್ ನೋಡಿ

ಬಳ್ಳಾರಿ ಜಿಲ್ಲೆಗೆ ಆಂಧ್ರದ ಗಡಿ ಇದೆ. ರಾಯಚೂರಿಗೆ ಆಂಧ್ರ, ತೆಲಂಗಾಣ ಎರಡೂ ಇವೆ. ಗಡಿಯ ಹಳ್ಳಿಯಲ್ಲಿ ಮನೆಯೊಳಗೆ ಕೂತಿದ್ದರೂ ಫೋನು ಆಚೆಯ ಟವರ್ ಹಿಡಿಯಬಹುದು. ಟವರಿಗೆ ರಾಜ್ಯದ ಗಡಿ ಗೊತ್ತಿಲ್ಲ, ನಿಮ್ಮ ಸಿಮ್ಮಿಗೆ ಮಾತ್ರ ಅದು ಬೇರೆ ಸರ್ಕಲ್, ಅಂದರೆ ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಬೇರೆ ವಲಯ. ಆಗ ಕೆಲವು ಫೋನುಗಳಲ್ಲಿ ಕಡ್ಡಿಯ ಪಕ್ಕ ಆರ್ ಅಕ್ಷರ ಬರುತ್ತದೆ. ಡೇಟಾ ರೋಮಿಂಗ್ ಆಫ್ ಇದ್ದರೆ ಕರೆ ಬರುತ್ತದೆ, ಡೇಟಾ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಈಚೆಯ ಟವರ್ ಸಿಕ್ಕರೆ ಮತ್ತೆ ಬರುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ಆಗುವ ಮನೆಗಳಿವೆ.

ಮದ್ದು ಸುಲಭ. ಮೊಬೈಲ್ ನೆಟ್‌ವರ್ಕ್ ಒಳಗೆ ಡೇಟಾ ರೋಮಿಂಗ್ ಆನ್ ಮಾಡಿ. ಈಗಿನ ಸಾಮಾನ್ಯ ಪ್ಲಾನ್‌ಗಳಲ್ಲಿ ದೇಶದೊಳಗೆ ಇದಕ್ಕೆ ಬೇರೆ ದುಡ್ಡು ಬೀಳುವುದಿಲ್ಲ. ವಿದೇಶಕ್ಕೆ ಹೋಗುವಾಗ ಮಾತ್ರ ನೆನಪಿಟ್ಟು ಆಫ್ ಮಾಡಿ. ಮಂತ್ರಾಲಯಕ್ಕೆ ಹೋಗಿ ಬರುವವರೂ ಹೊರಡುವ ಮೊದಲು ಇದನ್ನು ನೋಡಿಕೊಳ್ಳಿ.

ಬಿಸಿಲು

ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುವುದು ಹೊಸದಲ್ಲ. ಆಪಲ್ ತನ್ನ ಐಫೋನನ್ನು ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿ ಇರುವ ಕಡೆ ಬಳಸಿ ಅನ್ನುತ್ತದೆ. ಬಹಳ ಕಾದರೆ ಫೋನಿನ ರೇಡಿಯೋ ತನ್ನ ಶಕ್ತಿ ತಗ್ಗಿಸುತ್ತದೆ, ಸಿಗ್ನಲ್ ಕುಗ್ಗಬಹುದು ಅಂತಲೂ ಹೇಳುತ್ತದೆ. ಆಂಡ್ರಾಯ್ಡ್ ಫೋನುಗಳೂ ಕಾದಾಗ ಮೊದಲು 5ಜಿ ಬಿಡುವುದುಂಟು. ಹಾಗಾಗಿ ಡೇಟಾ ಮಧ್ಯಾಹ್ನ ಮಾತ್ರ, ಅದೂ ಹೊರಗಿದ್ದಾಗ ಮಾತ್ರ ಹೋದರೆ ಫೋನಿನ ಹಿಂಭಾಗ ಮುಟ್ಟಿ ನೋಡಿ. ಮ್ಯಾಪ್, ಚಾರ್ಜಿಂಗ್, ಹಾಟ್‌ಸ್ಪಾಟ್ ಮೂರೂ ಒಟ್ಟಿಗೆ ನಡೆಯುತ್ತಿದ್ದರೆ ಒಂದನ್ನಾದರೂ ನಿಲ್ಲಿಸಿ. ಕವರ್ ತೆಗೆದು ನೆರಳಿನಲ್ಲಿಡಿ. ಫ್ರಿಜ್ಜಿನಲ್ಲಿ ಇಡಬೇಡಿ. ಒಳಗೆ ನೀರಿನ ಹನಿ ಕಟ್ಟಿ ಇನ್ನೂ ದೊಡ್ಡ ಖರ್ಚು ಬರುತ್ತದೆ.

ಫೋನಿನ ಒಳಗಿನ ಸೆಟ್ಟಿಂಗ್‌ಗಳು

ಮೊದಲು ಏರೋಪ್ಲೇನ್ ಮೋಡ್ ಆನ್ ಮಾಡಿ, ಅರ್ಧ ನಿಮಿಷ ಬಿಟ್ಟು ಆಫ್ ಮಾಡಿ. ಫೋನು ಟವರಿನಲ್ಲಿ ಹೊಸದಾಗಿ ಹೆಸರು ಹಚ್ಚಿಕೊಳ್ಳುತ್ತದೆ. ಇದರಿಂದ ಪ್ರತಿ ಸಲ ಸರಿಯಾಗಿ ಮತ್ತೆ ಕೆಟ್ಟರೆ ಬೇರೆ ಕಾರಣ ಇದೆ ಅಂತ ಅರ್ಥ.

ಎಪಿಎನ್ ಅನ್ನು ಯಾರೋ ಮುಟ್ಟಿರುವ ಸಾಧ್ಯತೆ ಇರುತ್ತದೆ. ಸಿಮ್ ಪೋರ್ಟ್ ಮಾಡಿಸಿದ ಮೇಲೆ ಹಳೆಯ ಕಂಪನಿಯದೇ ಉಳಿದಿರುವುದೂ ಉಂಟು. ಅಲ್ಲಿಗೆ ಹೋಗಿ "ರೀಸೆಟ್ ಟು ಡಿಫಾಲ್ಟ್" ಒತ್ತಿ. ಕೈಯಿಂದ ಹಾಕಬೇಕಾದರೆ ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್ ಅಂತ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ಎಪಿಎನ್ ಪ್ರೋಟೋಕಾಲ್ ಅನ್ನುವ ಕಡೆ ಐಪಿವಿ4, ಐಪಿವಿ6 ಎರಡೂ ಇರುವ ಆಯ್ಕೆ ಇರಲಿ.

4ಜಿ ಗುರುತು ಇದ್ದೂ ಏನೂ ತೆರೆಯದಿದ್ದರೆ, ವೈಫೈಯಲ್ಲೂ ಅದೇ ಗೋಳಾದರೆ ವಿಪಿಎನ್ ಆ್ಯಪ್ ಮತ್ತು ಪ್ರೈವೇಟ್ ಡಿಎನ್‌ಎಸ್ ಸೆಟ್ಟಿಂಗ್ ನೋಡಿ. ಇವು ಫೋನಿನ ನೆಟ್ ಅನ್ನು ಬೇರೊಂದು ಸರ್ವರ್ ನಂಬಿ ನಡೆಯುವಂತೆ ಮಾಡುತ್ತವೆ. ಜಾಹೀರಾತು ತಡೆಯಲು ಅಂತ ಹುಡುಗರು ಇಲ್ಲಿ ಏನೋ ಹಾಕಿರುತ್ತಾರೆ. ಆ ಸರ್ವರ್ ನಿಂತರೆ ಇಡೀ ಫೋನಿನ ನೆಟ್ ನಿಲ್ಲುತ್ತದೆ. ಅದನ್ನು ಆಫ್ ಅಥವಾ ಆಟೋಮ್ಯಾಟಿಕ್ ಮಾಡಿ. ದಿನಾಂಕ, ಸಮಯ ತಪ್ಪಿದ್ದರೂ ಬ್ಯಾಂಕಿನ ಆ್ಯಪ್, ಬ್ರೌಸರ್ ಕೈಕೊಡುತ್ತವೆ.

ಎರಡು ಸಿಮ್ ಇರುವ ಫೋನಿನಲ್ಲಿ ಒಂದು ಸಿಮ್ಮಿಗೆ ಕರೆ ಬಂದಾಗ ಇನ್ನೊಂದರ ಡೇಟಾ ನಿಲ್ಲುವುದು ಸಾಮಾನ್ಯ. ಡೇಟಾ ಸ್ವಿಚಿಂಗ್ ಅನ್ನುವ ಆಯ್ಕೆ ಆನ್ ಮಾಡಿದರೆ ಕರೆಯ ಹೊತ್ತಿನಲ್ಲಿ ಕರೆ ಬಂದ ಸಿಮ್ಮಿನ ಡೇಟಾ ಬಳಕೆಯಾಗುತ್ತದೆ. ಒಂದೇ ಸಿಮ್ ಇದ್ದೂ ಮಾತಾಡುವಾಗ ನೆಟ್ ಹೋದರೆ ವೋಎಲ್‌ಟಿಇ (4ಜಿ ಮೂಲಕವೇ ಕರೆ ನಡೆಸುವ ವ್ಯವಸ್ಥೆ) ಆಫ್ ಆಗಿರುತ್ತದೆ. ಆನ್ ಮಾಡಿ.

ಯಾವುದೂ ಆಗದಿದ್ದರೆ "ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್". ಇದರಿಂದ ಫೋಟೋ, ನಂಬರ್ ಹೋಗುವುದಿಲ್ಲ. ವೈಫೈ ಪಾಸ್‌ವರ್ಡ್, ಬ್ಲೂಟೂತ್ ಜೋಡಣೆ ಹೋಗುತ್ತವೆ. ಪೂರ್ತಿ ಫ್ಯಾಕ್ಟರಿ ರೀಸೆಟ್‌ಗೆ ಸುಮ್ನೆ ಅವಸರ ಮಾಡಬೇಡಿ.

ಸಿಮ್ಮಿನ ದೋಷ

ಕತ್ತರಿಯಲ್ಲಿ ಕತ್ತರಿಸಿ ಚಿಕ್ಕದು ಮಾಡಿದ ಹಳೆಯ ಸಿಮ್ ಟ್ರೇಯಲ್ಲಿ ಅಲುಗುತ್ತದೆ. ಫೋನು ತಟ್ಟಿದರೆ ನೆಟ್ ಹೋಗುತ್ತದೆ ಅಂದರೆ ಅನುಮಾನ ಇಲ್ಲಿಗೇ. ಸಿಮ್ಮಿನ ಚಿನ್ನದ ಬಣ್ಣದ ಭಾಗವನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ಸರಿಯಾಗಿ ಕೂರಿಸಿ. ಆದರೂ ಆಗದಿದ್ದರೆ ಕಂಪನಿಯ ಅಂಗಡಿಯಲ್ಲಿ ಅದೇ ನಂಬರಿಗೆ ಹೊಸ ಸಿಮ್ ಸಿಗುತ್ತದೆ. ಸಿಮ್ ಬದಲಿಸಿದ ಮೇಲೆ 24 ತಾಸು ಎಸ್‌ಎಂಎಸ್ ಬರುವುದಿಲ್ಲ, ಅಂದರೆ ಒಟಿಪಿಯೂ ಇಲ್ಲ. ಬ್ಯಾಂಕಿನ ಕೆಲಸ ಮೊದಲೇ ಮುಗಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ನೀವು ಸಿಮ್ ಬದಲಿಸಲು ಕೇಳಿಯೇ ಇಲ್ಲ, ಪಕ್ಕದವರಿಗೆ ಅದೇ ಕಂಪನಿಯ ಸಿಗ್ನಲ್ ಚೆನ್ನಾಗಿದೆ, ನಿಮ್ಮ ಫೋನಿನಲ್ಲಿ ಮಾತ್ರ ಇದ್ದಕ್ಕಿದ್ದಂತೆ ಕರೆ, ಡೇಟಾ ಎರಡೂ ಸತ್ತಿವೆ ಅಂದರೆ ತಡ ಮಾಡಬೇಡಿ. ಯಾರೋ ನಿಮ್ಮ ನಂಬರಿಗೆ ಇನ್ನೊಂದು ಸಿಮ್ ಪಡೆದಿರಬಹುದು. ಬೇರೆ ಫೋನಿನಿಂದ ಮೊದಲು ಬ್ಯಾಂಕಿಗೆ, ಸಿಮ್ ಕಂಪನಿಗೆ ಕರೆ ಮಾಡಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಫೋನ್ ಬಿಚ್ಚಬೇಕಾದಾಗ

ಕಾಕಾನ ಫೋನಿಗೆ ಬರೋಣ. ಡಿಬಿಎಂ ನೋಡಿದಾಗ ನನ್ನ ಫೋನಿಗಿಂತ ಅವರದು ಅದೇ ಜಾಗದಲ್ಲಿ, ಅದೇ ಸಿಮ್ಮಿನಲ್ಲಿ 20ರಷ್ಟು ಕಡಿಮೆ ಇತ್ತು. ಸ್ವಲ್ಪ ದಿನದ ಹಿಂದೆ ಡಿಸ್ಪ್ಲೇ ಹಾಕಿಸಿದ್ದರು. ಒಂದು ಅಂಗಡಿಯಲ್ಲಿ "ನೆಟ್‌ವರ್ಕ್ ಐಸಿ ಹೋಗಿದೆ", ಅಂದರೆ ಸಿಗ್ನಲ್ ನೋಡಿಕೊಳ್ಳುವ ಚಿಪ್ ಕೆಟ್ಟಿದೆ ಅಂದಿದ್ದರು. ಇನ್ನೊಬ್ಬರ ಹತ್ತಿರ ಬಿಚ್ಚಿಸಿದಾಗ ಆಂಟೆನಾದ ತೆಳು ವೈರಿನ ತುದಿ ಬೋರ್ಡಿನಿಂದ ಕಳಚಿತ್ತು. ಒತ್ತಿ ಕೂರಿಸಿದರು, ಸರಿಹೋಯಿತು.

ಹಾಗಾಗಿ ಡಿಸ್ಪ್ಲೇ, ಬ್ಯಾಟರಿ ಅಥವಾ ಬ್ಯಾಕ್ ಪ್ಯಾನೆಲ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಅದನ್ನು ರಿಪೇರಿಯವರಿಗೆ ಮೊದಲೇ ಹೇಳಿ. ಆಂಟೆನಾ ವೈರ್ ನೋಡಿ ಅಂತ ಕೇಳಿ. ಐಸಿ ಬದಲಿಸುವುದು ಕೊನೆಯ ಮಾತಾಗಿರಲಿ. *#06# ಒತ್ತಿದಾಗ ಐಎಂಇಐ ನಂಬರೇ (ಫೋನಿನ ಗುರುತಿನ ಸಂಖ್ಯೆ) ಬರದಿದ್ದರೆ ಮಾತ್ರ ದೋಷ ಆಳದಲ್ಲಿದೆ. ಬ್ಯಾಟರಿ ಉಬ್ಬಿದ್ದರೆ ಬಳಕೆ ನಿಲ್ಲಿಸಿ, ಚಾರ್ಜಿಗೂ ಹಾಕಬೇಡಿ. ಫೋನ್ ಕೊಡುವ ಮುಂಚೆ ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಳ್ಳಿ, ಬ್ಯಾಕಪ್ ಮಾಡಿ.

ದೂರು ಕೊಡುವುದು

ಜಾಗದ್ದೇ ತೊಂದರೆ ಅಂತ ಖಚಿತವಾದರೆ 198ಕ್ಕೆ ಕರೆ ಮಾಡಿ. ದೂರಿಗೆ ಇದು ಉಚಿತ ನಂಬರ್. "ನೆಟ್ ಬರುತ್ತಿಲ್ಲ" ಅಂದರೆ ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ. ಊರು, ಓಣಿ, ಪಿನ್‌ಕೋಡ್, ಯಾವ ಹೊತ್ತಿಗೆ ಹೋಗುತ್ತದೆ, ಡಿಬಿಎಂ ಎಷ್ಟು, ಎಷ್ಟು ಮನೆಯವರಿಗೆ ಹೀಗಾಗಿದೆ ಅಂತ ಹೇಳಿ. ಸಿಮ್ ಬೇರೆ ಫೋನಿನಲ್ಲಿ ಹಾಕಿ ನೋಡಿದ್ದನ್ನೂ ಹೇಳಿ. ದೂರಿನ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ನಂಬರ್ ಬೇಕು. ಓಣಿಯ ನಾಲ್ಕೈದು ಮನೆಯವರು ಬೇರೆ ಬೇರೆಯಾಗಿ ದೂರು ಕೊಟ್ಟರೆ ಇನ್ನೂ ಒಳ್ಳೆಯದು.

ಬೇರೆ ಕಂಪನಿಗೆ ಪೋರ್ಟ್ ಆಗುವ ಯೋಚನೆ ಇದ್ದರೆ ಆ ಕಂಪನಿಯ ಸಿಮ್ ಇರುವ ಗೆಳೆಯರನ್ನು ಮನೆಗೆ ಕರೆಸಿ, ಅದೇ ಒಳಕೋಣೆಯಲ್ಲಿ ಕೂರಿಸಿ, ಸಂಜೆಯ ಹೊತ್ತು ಒಂದು ವಿಡಿಯೋ ಓಡಿಸಿ ನೋಡಿ. ಇತ್ತೀಚೆಗೆ ಸಿಮ್ ಬದಲಿಸಿದ್ದರೆ 7 ದಿನ ಪೋರ್ಟ್ ಮಾಡಲು ಬರುವುದಿಲ್ಲ. 2024ರ ಜುಲೈ 1ರಿಂದ ಈ ನಿಯಮ ಇದೆ.